ನೀವಲ್ಲಿ ಯಾವ ಸದಸ್ಯರು?

ಮದುವೆ ಮನೆ, ನಾಮಕರಣ, ಗೃಹಪ್ರವೇಶ, ಎಲ್ಲೇ ಹೋಗಲಿ, ನಾನು ಸಹಕಾರ ಇಲಾಖೆಯವಳು ಅಂತ ಗೊತ್ತಾದರೆ ಸಾಕು, ಎಲೆಗೆ ಪಾಯಸ ಬೀಳುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇಂಥಾ ಸೊಸೈಟೀಲಿ ಒಂಚೂರು ದುಡ್ಡು ಇಟ್ಟಿದೀನಿ. ಪರ್ವಾಗಿಲ್ವಾ ಮೇಡಂ?" ಒಂಚೂರು ಅಂದರೆ ಹತ್ತು ಸಾವಿರವೂ ಇರಬಹುದು, ಸೈಟು ಮಾರಿ ಬಂದ ನಲವತ್ತು ಲಕ್ಷವೂ ಇರಬಹುದು. ನಾನು ಸಂಘದ ಹೆಸರು ಕೇಳುವುದಿಲ್ಲ. "ನೀವಲ್ಲಿ ಯಾವ ಸದಸ್ಯರು?" ಅಂತ ಕೇಳುತ್ತೇನೆ. "ಸದಸ್ಯರಾ? ನಾನು ಬರೀ ಎಫ್‌ಡಿ ಇಟ್ಟಿರೋದು" ಅನ್ನುವವರೇ ಹೆಚ್ಚು.

ಈ ಉತ್ತರ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾನು ಓದಿದ್ದು ಕಾನೂನು. ಜೊತೆಯಲ್ಲಿ ಓದಿದವರು ಕಪ್ಪು ಕೋಟು ಹಾಕಿಕೊಂಡು ಸಿಟಿ ಸಿವಿಲ್ ಕೋರ್ಟಿಗೆ ಹೋದರು, ನಾನು ಪತ್ತಿನ ಸಂಘಗಳ ಗಾಡ್ರೇಜ್ ಬೀರುವಿನ ಮುಂದೆ ಬಂದು ಕೂತೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ನನ್ನ ಮೇಜಿನ ಮೇಲಿನ ಪುಸ್ತಕ. ದೂರು ಬಂದಾಗಲೋ, ಲೆಕ್ಕಪರಿಶೋಧನೆಯಲ್ಲಿ ಏನಾದರೂ ವಾಸನೆ ಹೊಡೆದಾಗಲೋ 64ನೇ ಕಲಮಿನ ಕೆಳಗೆ ವಿಚಾರಣೆಗೆ ಆದೇಶವಾಗುತ್ತದೆ. ನಗದು ಪುಸ್ತಕ, ಸಾಲದ ಲೆಡ್ಜರು, ಠೇವಣಿ ರಿಜಿಸ್ಟರು, ನಡಾವಳಿ ಪುಸ್ತಕ ಇವನ್ನೆಲ್ಲ ಹರಡಿಕೊಂಡು ದಿನಗಟ್ಟಲೆ ಕೂರಬೇಕು. ಮನೆಯವರು ಹೇಳುವ ಹಾಗೆ, ಪರರ ಸಂಸಾರದ ಲೆಕ್ಕ ನೋಡೋ ಕೆಲಸ.

ಮೊದಲು ಒಂದು ವಿಷಯ. ಪತ್ತಿನ ಸಹಕಾರ ಸಂಘ ಬ್ಯಾಂಕ್ ಅಲ್ಲ. ಕೌಂಟರ್ ಇದೆ, ಪಾಸ್‌ಬುಕ್ ಇದೆ, ಟೋಕನ್ ಇದೆ, ಒಳಗೆ ಎ.ಸಿ. ಕೂಡ ಇದೆ. ಆದರೂ ಅದು ಬ್ಯಾಂಕ್ ಅಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ಅಂಥ ಸಂಘ ತನ್ನ ಹೆಸರಿನಲ್ಲಿ ಬ್ಯಾಂಕ್ ಅನ್ನುವ ಪದವನ್ನು ಬಳಸುವ ಹಾಗಿಲ್ಲ. ಕೆಲವು ಸಂಘಗಳು ಬಳಸುತ್ತಿವೆ, ಎಚ್ಚರ ಅಂತ ರಿಸರ್ವ್ ಬ್ಯಾಂಕೇ 2021ರ ನವೆಂಬರಿನಲ್ಲಿ ಜನರಿಗೆ ತಿಳಿಸಿತ್ತು. ಇದು ಬರೀ ಹೆಸರಿನ ಜಗಳವಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆ ಇದೆ. ಒಂದು ಲಕ್ಷ ಇದ್ದ ಮಿತಿ 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಪತ್ತಿನ ಸಂಘದಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ, ಒಂದು ರೂಪಾಯಿಗೂ ಇಲ್ಲ.

2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಅಂದಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಲೆ ಹತ್ತಿಸುವುದಕ್ಕೂ ಮನಸ್ಸಿರಲಿಲ್ಲ. ಪಿಂಚಣಿ ದುಡ್ಡು, ಮಗಳ ಮದುವೆ ದುಡ್ಡು ಎಲ್ಲ ಅಲ್ಲಿತ್ತು. ಆದರೆ ಅದು ಬ್ಯಾಂಕ್. ರಿಸರ್ವ್ ಬ್ಯಾಂಕಿನ ಕಣ್ಣು ಅದರ ಮೇಲಿತ್ತು, ಐದು ಲಕ್ಷದವರೆಗಿನ ವಿಮೆ ಇತ್ತು. ಅದೇ ಗಲ್ಲಿಯ ಎರಡನೇ ಮಹಡಿಯಲ್ಲಿರುವ ಪತ್ತಿನ ಸಂಘಕ್ಕೆ ಹೀಗಾದರೆ?

ಹಾಗಾದರೆ ಅಲ್ಲಿ ಠೇವಣಿದಾರನನ್ನು ಕಾಯುವುದು ಯಾರು? ಕಾನೂನು ಕೊಡುವ ಉತ್ತರ ಸೊಗಸಾಗಿದೆ: ಅವನೇ. ಯಾಕೆಂದರೆ ಅವನು ಗಿರಾಕಿ ಅಲ್ಲ, ಮಾಲೀಕ.

ಈ ಕಲ್ಪನೆ ಎಲ್ಲಿಂದ ಬಂತು ಅಂತ ನೋಡಿದರೆ ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹಳ್ಳಿಗಳ ಮೇಯರ್ ಆಗಿದ್ದ ರೈಫೈಸನ್, ಬಡ್ಡಿ ಸಾಹುಕಾರರ ಕೈಯಿಂದ ರೈತರನ್ನು ಬಿಡಿಸಲು ಊರವರೇ ದುಡ್ಡು ಕೂಡಿಟ್ಟು ಊರವರಿಗೇ ಸಾಲ ಕೊಡುವ ಸಂಘಗಳನ್ನು ಕಟ್ಟಿದ. ಅದೇ ಮಾದರಿ 1904ರ ಕಾಯ್ದೆಯ ಮೂಲಕ ಇಲ್ಲಿಗೆ ಬಂತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು. ದೇಶದ ಮೊದಲ ಸಹಕಾರ ಸಂಘ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಅದನ್ನೇ. ಅಂಥ ಊರಲ್ಲಿ ಯಾರ ಹೊಲ ಎಷ್ಟು, ಯಾರು ಸಾಲ ತಂದು ಎತ್ತು ಕೊಂಡರು, ಯಾರು ಇಸ್ಪೀಟಿಗೆ ಕೂತರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಒಬ್ಬ ಸದಸ್ಯ, ಒಂದು ಮತ. ಮಹಾಸಭೆಯಲ್ಲಿ ಎದ್ದು ನಿಂತು ಕೇಳಿದರೆ ಮುಗಿಯಿತು. ಸರ್ಕಾರದ ಅಧಿಕಾರಿ ಯಾವಾಗಲೋ ಬಂದು ನೋಡಿಹೋದರೂ ನಡೆಯುತ್ತಿತ್ತು.

ಈಗ ಕೋಣನಕುಂಟೆಗೆ ಬನ್ನಿ. ಕುಂಟೆ ಅಂದರೆ ಸಣ್ಣ ಕೆರೆ. ಹೆಸರೇ ಹೇಳುವ ಹಾಗೆ ಇದೂ ಹಳ್ಳಿಯೇ. 2007ರಲ್ಲಿ ಬಿಬಿಎಂಪಿ ಆದಾಗ ಮಹಾನಗರದ ಒಳಗೆ ಬಂತು, 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೇಲೆ ಮೆಟ್ರೋನೂ ಬಂತು. ಕೋಣನಕುಂಟೆ ಕ್ರಾಸಿನಲ್ಲಿ ಇಳಿದು ತಲೆ ಎತ್ತಿದರೆ ಅಪಾರ್ಟ್‌ಮೆಂಟು, ತಲೆ ಬಗ್ಗಿಸಿದರೆ ಹಳೇ ಊರಿನ ಗಲ್ಲಿ. ಜಮೀನು ಮಾರಿದವರು, ಬಾಡಿಗೆ ಮನೆ ಕಟ್ಟಿಸಿದವರು, ಗಾರ್ಮೆಂಟ್ಸಿಗೆ ಹೋಗುವವರು, ತಳ್ಳುಗಾಡಿಯವರು, ಹಾಸನ ಮಂಡ್ಯದಿಂದ ಬಂದು ನೆಲೆ ನಿಂತವರು, ಎಲ್ಲರೂ ಒಂದೇ ಸಂಘದ ಪಾಸ್‌ಬುಕ್ ಹಿಡಿದಿರುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಕಣಗಿನಹಾಳದ ಕಾನೂನು ಹಾಗೇ ಇದೆ, ಕಣಗಿನಹಾಳದ ಊರು ಮಾತ್ರ ಇಲ್ಲ.

ಆ ಕಡೆಯ ಒಂದು ಸಂಘಕ್ಕೆ ವಿಚಾರಣೆಗೆ ಹೋಗಿದ್ದೆ. ಹೆಸರು ಬೇಡ. ಕಾರ್ಯದರ್ಶಿ ಬಾಗಿಲಲ್ಲೇ, "ಮೇಡಂ, ನಮ್ದು ಆಡಿಟ್ಟಲ್ಲಿ ಎ ಗ್ರೇಡು" ಅಂದರು. ಕಾಫಿ ಬಂತು, ಜೊತೆಗೆ ಕೋಡುಬಳೆ. ನಾನು ಮಾರ್ಚ್ ತಿಂಗಳ ಲೆಡ್ಜರ್ ಕೇಳಿದೆ. ಯಾವ ಸಂಘಕ್ಕೆ ಹೋದರೂ ನಾನು ಮೊದಲು ಕೇಳುವುದು ಮಾರ್ಚ್ ಕೊನೆಯ ವಾರವನ್ನು. ವರ್ಷವಿಡೀ ಕಂತು ಕಟ್ಟದ ಸಾಲವೊಂದು 30ನೇ ತಾರೀಕು ಪೂರ್ತಿ ತೀರಿರುತ್ತದೆ. ಅದರ ಹಿಂದಿನ ದಿನ ಅದೇ ಮನೆಯ ಇನ್ನೊಬ್ಬರ ಹೆಸರಿಗೆ ಸ್ವಲ್ಪ ದೊಡ್ಡ ಸಾಲ ಮಂಜೂರಾಗಿರುತ್ತದೆ. ನಗದು ಪುಸ್ತಕದಲ್ಲಿ ದುಡ್ಡು ಅಲ್ಲಾಡಿಯೇ ಇಲ್ಲ, ಬರೀ ಹೊಂದಾಣಿಕೆ. ಸುಸ್ತಿ ಸಾಲ ಮಾಯ, ಗ್ರೇಡು ಎ, ಡಿವಿಡೆಂಡು ಬೇರೆ. ಇಲ್ಲೂ ಹಾಗೆಯೇ ಆಗಿತ್ತು. ಆ ಮನೆಗಳು ಯಾರವು ಅಂತ ಹುಡುಕಿದರೆ ಮೂರು ದಾರಿ ನಿರ್ದೇಶಕರ ಮನೆಗೇ ಹೋದವು. ಸಾಲಗಾರರ ಫೈಲುಗಳಲ್ಲಿ ಇನ್ನೊಂದು ಚಂದ: ಸಹಿ ಹಾಕಿದ ಖಾಲಿ ಚೆಕ್ಕುಗಳು, ಬಡ್ಡಿ ದರದ ಜಾಗ ಬಿಟ್ಟ ಕರಾರು ಪತ್ರಗಳು. ಸಾಲ ತೆಗೆದುಕೊಂಡ ತಳ್ಳುಗಾಡಿಯವನಿಗೆ ಬಡ್ಡಿ ಎಷ್ಟು ಅಂತ ಕೇಳಿದರೆ, "ದಿನಾ ಇನ್ನೂರು ಕಟ್ತೀನಿ ಮೇಡಂ" ಅಂದ. ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಆಮೇಲೆ ಠೇವಣಿ ತಾಳೆ ನೋಡಬೇಕಿತ್ತು. ರಿಜಿಸ್ಟರಿನಲ್ಲಿ ಇರುವ ಮೊತ್ತ, ಜನರ ಕೈಯಲ್ಲಿರುವ ಬಾಂಡಿನ ಮೊತ್ತ ಒಂದೇನಾ ಅಂತ ಮನೆ ಮನೆಗೆ ಹೋಗಿ ನೋಡುವ ಕೆಲಸ. ಹಾಗೆ ಸಿಕ್ಕವರು ಒಬ್ಬ ಅಮ್ಮ. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವರು. ಪಿ.ಎಫ್. ದುಡ್ಡು ಬಂದಿತ್ತು, ನಾಲ್ಕು ಲಕ್ಷ. ಬ್ಯಾಂಕಿನಲ್ಲಿ ಐದಾರು ಪರ್ಸೆಂಟ್ ಅಂತಿದ್ದಾಗ ಇಲ್ಲಿ ಹನ್ನೊಂದು ಕೊಡ್ತೀವಿ ಅಂದರಂತೆ. ಬಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಮನೆಯ ಡಬ್ಬಿಯಲ್ಲಿಟ್ಟಿದ್ದರು. ಅದರ ಜೊತೆ ನೂರು ರೂಪಾಯಿಯ ಇನ್ನೊಂದು ಚೀಟಿ.

"ಇದೇನು ಗೊತ್ತಾಮ್ಮ?"

"ಅದು ಫಾರಮ್ಮಿನ ದುಡ್ಡು ಮೇಡಮ್ಮೋರೆ."

ಅದು ಫಾರಮ್ಮಿನ ದುಡ್ಡಲ್ಲ. ನಾಮಮಾತ್ರ ಸದಸ್ಯತ್ವದ ರಸೀದಿ. ನಮ್ಮ ಕಾಯ್ದೆಯಲ್ಲಿ ನಾಮಮಾತ್ರ ಸದಸ್ಯರಿಗೆ ಮತ ಇಲ್ಲ, ಸಂಘದ ಆಸ್ತಿಯಲ್ಲಿ, ಲಾಭದಲ್ಲಿ ಪಾಲಿಲ್ಲ. ಅಂದರೆ ನಾಲ್ಕು ಲಕ್ಷ ಕೊಟ್ಟ ಈ ಅಮ್ಮ ಮಹಾಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ. ಒಂದು ಸಾವಿರದ ಷೇರು ಇಟ್ಟುಕೊಂಡ ನಿರ್ದೇಶಕರ ಭಾವಮೈದ ಎತ್ತಬಹುದು. ಠೇವಣಿ ರಿಜಿಸ್ಟರಿಗೆ ವಾಪಸ್ ಬಂದು ಎಣಿಸಿದೆ. ದೊಡ್ಡ ಮೊತ್ತ ಇಟ್ಟವರಲ್ಲಿ ಮುಕ್ಕಾಲು ಮಂದಿ ನಾಮಮಾತ್ರದವರು. ಮಾಲೀಕರೇ ಕಾಯುತ್ತಾರೆ ಅಂತ ಕಾನೂನು ನಂಬಿ ಕೂತಿದೆ, ದುಡ್ಡು ಇಟ್ಟವರನ್ನು ಮಾತ್ರ ಮಾಲೀಕರೇ ಮಾಡಿಲ್ಲ.

ಅಮೆರಿಕಾದಲ್ಲಿ ನಮ್ಮ ಪತ್ತಿನ ಸಂಘದ ದಾಯಾದಿ ಇದೆ, ಕ್ರೆಡಿಟ್ ಯೂನಿಯನ್ ಅಂತ. 1934ರಿಂದ ಅದಕ್ಕೆ ಫೆಡರಲ್ ಕಾನೂನು ಇದೆ. ಅಲ್ಲಿ ಉಳಿತಾಯ ಖಾತೆಗೆ ಠೇವಣಿ ಅನ್ನುವುದಿಲ್ಲ, ಷೇರು ಅನ್ನುತ್ತಾರೆ. ದುಡ್ಡು ಇಟ್ಟೆ ಅಂದರೆ ಮಾಲೀಕನಾದೆ ಅಂತಲೇ ಲೆಕ್ಕ. ಆ ಮಾಲೀಕನನ್ನೂ ಪೂರ್ತಿ ನಂಬಿ ಬಿಟ್ಟಿಲ್ಲ, ಎರಡೂವರೆ ಲಕ್ಷ ಡಾಲರಿನವರೆಗೆ ವಿಮೆ ಇದೆ. ಸಾಲದ ವಾರ್ಷಿಕ ಬಡ್ಡಿ ದರವನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು ಕೊಡಬೇಕು ಅನ್ನುವ ಕಾನೂನು 1968ರಲ್ಲೇ ಬಂತು. ಅದನ್ನು ಪಾಲಿಸಿದ್ದಾರಾ ಅಂತ ನೋಡುವುದಕ್ಕೇ ಪರೀಕ್ಷಕರು ಬರುತ್ತಾರೆ. ನಾನು ಲೆಡ್ಜರಿನಲ್ಲಿ ಕಳ್ಳತನ ಹುಡುಕುತ್ತೇನೆ. ತಳ್ಳುಗಾಡಿಯವನಿಗೆ ಬಡ್ಡಿ ಎಷ್ಟು ಅಂತ ಹೇಳಿದ್ದೀರಾ ಅನ್ನುವ ಪ್ರಶ್ನೆಗೆ ನನ್ನ ವರದಿಯ ನಮೂನೆಯಲ್ಲಿ ಕಾಲಂ ಇಲ್ಲ. ನಾನೇ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿ ಬರೆಯುತ್ತೇನೆ.

ಹಾಗಂತ ಈ ಸಂಘಗಳೆಲ್ಲ ಮೋಸ ಅಂತ ನಾನು ಹೇಳಿದರೆ ನಾಲಿಗೆ ಹೊರಳುವುದಿಲ್ಲ. ತಳ್ಳುಗಾಡಿಯವನಿಗೆ ಯಾವ ಬ್ಯಾಂಕಿನ ಮ್ಯಾನೇಜರ್ ಸಾಲ ಕೊಡುತ್ತಾನೆ? ದಿನಕ್ಕೆ ಐವತ್ತು ರೂಪಾಯಿ ಪಿಗ್ಮಿ ಕಟ್ಟಿಸಿಕೊಳ್ಳಲು ಅಂಗಡಿ ಬಾಗಿಲಿಗೆ ಯಾರು ಬರುತ್ತಾರೆ? ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಇವತ್ತು ಸಂಜೆ ಹೊತ್ತು ಸಣ್ಣ ಮಿಷಿನ್ ಹಿಡಿದು ಓಡಾಡುವ ಪಿಗ್ಮಿ ಏಜೆಂಟರಲ್ಲಿ ಎಷ್ಟೋ ಜನ ಇಂಥ ಸಂಘಗಳವರು. ಹತ್ತಾರು ವರ್ಷ ಒಂದು ಪೈಸೆ ಆಚೀಚೆ ಮಾಡದೆ ನಡೆಸಿದ ಸಂಘಗಳನ್ನು ನಾನು ನೋಡಿದ್ದೇನೆ. ಅಂಥ ಕಡೆ ಒಂದೇ ಗುಣ ಸಾಮಾನ್ಯ: ಮಹಾಸಭೆಯಲ್ಲಿ ಗಲಾಟೆ ಇರುತ್ತದೆ. ಮೌನವಾಗಿ, ಚಪ್ಪಾಳೆ ತಟ್ಟಿ, ಹತ್ತೇ ನಿಮಿಷದಲ್ಲಿ ಲೆಕ್ಕ ಪಾಸಾಗಿ ಎಲ್ಲರೂ ಊಟಕ್ಕೆ ಏಳುವ ಸಭೆ ಕಂಡರೆ ನನಗೆ ಅನುಮಾನ.

ದುಡ್ಡು ಹೋದ ಮೇಲೆ ದಾರಿಗಳಿಲ್ಲ ಅಂತಲ್ಲ. 69ನೇ ಕಲಮಿನ ಕೆಳಗೆ ನಷ್ಟ ಮಾಡಿದವರಿಂದಲೇ ವಸೂಲಿ ಮಾಡಬಹುದು. 70ರ ಕೆಳಗೆ ವ್ಯಾಜ್ಯ ಹೂಡಬಹುದು. ಗ್ರಾಹಕರ ಆಯೋಗಕ್ಕೂ ಹೋಗಬಹುದು. ಸಹಕಾರ ಕಾಯ್ದೆಯಲ್ಲಿ ವ್ಯಾಜ್ಯಕ್ಕೆ ಜಾಗ ಇದೆ ಅನ್ನುವ ಕಾರಣಕ್ಕೆ ಗ್ರಾಹಕರ ಬಾಗಿಲು ಮುಚ್ಚುವುದಿಲ್ಲ ಅಂತ ತಮಿಳುನಾಡಿನ ತಿರುಮುರುಗನ್ ಸಹಕಾರಿ ಕೃಷಿ ಪತ್ತಿನ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆದರೆ ಇವೆಲ್ಲ ಬೆಂಕಿ ಬಿದ್ದ ಮೇಲೆ ತೋಡುವ ಬಾವಿ. ನೋಟಿಸು, ಹಾಜರಿ, ವಾಯಿದೆ, ಮೇಲ್ಮನವಿ. ಅರವತ್ತು ದಾಟಿದವರಿಗೆ ವರ್ಷ ಅಂದರೆ ಏನು ಅಂತ ಲೆಡ್ಜರಿಗೆ ಗೊತ್ತಿಲ್ಲ.

ಅದಕ್ಕೇ ಪಾಯಸದ ಹೊತ್ತಿನಲ್ಲಿ ಕೇಳುವವರಿಗೆ ನಾನು ಹೇಳುವುದು ಇಷ್ಟು. ಇಡಬೇಡಿ ಅನ್ನುವುದಿಲ್ಲ. ಇಡುವ ಮೊದಲು ನಾಮಮಾತ್ರವೋ ಪೂರ್ಣ ಸದಸ್ಯತ್ವವೋ ಕೇಳಿ, ಷೇರು ಕೊಡಿ ಅನ್ನಿ, ಕೊಡುವುದಿಲ್ಲ ಅಂದರೆ ಎದ್ದು ಬನ್ನಿ. ಬೈಲಾ ಪ್ರತಿ ಕೇಳಿ. ವಾರ್ಷಿಕ ವರದಿಯಲ್ಲಿ ಲಾಭದ ಪುಟ ಬಿಟ್ಟು ಸುಸ್ತಿ ಸಾಲದ ಪುಟ ನೋಡಿ. ನಿರ್ದೇಶಕರಿಗೂ ಅವರ ಮನೆಯವರಿಗೂ ಕೊಟ್ಟ ಸಾಲ ಎಷ್ಟು ಅಂತ ಕೇಳಿ. ಬೇರೆಲ್ಲ ಕಡೆಗಿಂತ ಬಡ್ಡಿ ಬಹಳ ಜಾಸ್ತಿ ಇದ್ದರೆ, ಆ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ ಅಂತ ಯೋಚಿಸಿ. ಬದುಕಿನ ಪೂರ್ತಿ ಗಂಟನ್ನು ಒಂದೇ ಕಡೆ ಇಡಬೇಡಿ.

ನಾನು ವಿಚಾರಣೆ ಮಾಡಿದ ಆ ಸಂಘ ಮುಳುಗಲಿಲ್ಲ. ವರದಿ ಹೋಯಿತು, ನೋಟಿಸು ಹೋದವು, ಎರಡು ಮನೆಗಳಿಂದ ವಸೂಲಿಯೂ ಆಯಿತು. ಟೈಲರ್ ಅಮ್ಮನಿಗೆ ಅಸಲು ಕಂತುಕಂತಾಗಿ ಬಂತು. ಹನ್ನೊಂದು ಪರ್ಸೆಂಟಿನ ಕನಸು ಮಾತ್ರ ಬರಲಿಲ್ಲ. ಬಂದದ್ದರಲ್ಲಿ ಸಾವಿರ ರೂಪಾಯಿ ಕೊಟ್ಟು, ಹಟ ಹಿಡಿದು, ಅವರು ಷೇರು ತೆಗೆದುಕೊಂಡರು. ಆಮೇಲಿನ ಸೆಪ್ಟೆಂಬರಿನ ಮಹಾಸಭೆಗೆ ಇಲಾಖೆಯ ಪರವಾಗಿ ನಾನೂ ಹೋಗಿದ್ದೆ. ಕಲ್ಯಾಣ ಮಂಟಪ, ಬಾಗಿಲಲ್ಲಿ ಸದಸ್ಯರಿಗೆ ಸ್ಟೀಲ್ ಡಬ್ಬಿ, ಒಳಗೆ ಬಿಸಿಬೇಳೆಬಾತಿನ ವಾಸನೆ. "ಲೆಕ್ಕಪತ್ರಕ್ಕೆ ಸಭೆಯ ಒಪ್ಪಿಗೆ ಇದೆಯಾ?" ಅಂತ ಅಧ್ಯಕ್ಷರು ಕೇಳಿ ಚಪ್ಪಾಳೆಗೆ ಕಾಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಡಬ್ಬಿಯನ್ನು ಕುರ್ಚಿ ಮೇಲಿಟ್ಟು ಆ ಅಮ್ಮ ಎದ್ದು ನಿಂತರು.

"ಸ್ವಾಮಿ, ಸುಸ್ತಿ ಸಾಲ ಎಷ್ಟು ಅಂತ ಬರ್ದಿಲ್ವಲ್ಲ ಇದ್ರಲ್ಲಿ? ಯಾವ ಪುಟ?"

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ವರದಿ ತಿರುವಿ ಹಾಕತೊಡಗಿದರು. ಅವರ ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರೂ ತಮ್ಮ ತಮ್ಮ ಪುಸ್ತಕ ತೆಗೆದರು. ಆ ದಿನ ಊಟ ಮೂರು ಗಂಟೆಗಾಯಿತು.