ಬಂಜರು ನೆಲದಲ್ಲಿ ಮಂಡಿಯೂರಿ

ಬೈಂದೂರಿನ ಒತ್ತಿನೆಣೆಗೆ ಹೋದವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಕೆಳಗೆ ಅರಬ್ಬೀ ಸಮುದ್ರ, ಎದುರಿಗೆ ಮುಳುಗುವ ಸೂರ್ಯ. ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಮಾತ್ರ ಬೆಳಿಗ್ಗೆ 7ಕ್ಕೇ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ, ಮುರಕಲ್ಲಿನ ಮೇಲೆ ಗೋಣಿಚೀಲ ಹಾಸಿ ಮಂಡಿಯೂರಿದ್ದೆ. ಜೊತೆಗೆ 8 ವರ್ಷದ ಮೊಮ್ಮಗಳು. ಕೈಯಲ್ಲಿ ಮಗ ಕೊಡಿಸಿದ ಮೊಬೈಲ್, ಅದಕ್ಕೆ ಸಿಕ್ಕಿಸಿದ ಪುಟ್ಟ ಮ್ಯಾಕ್ರೊ ಲೆನ್ಸ್.

ಈ ಲೆನ್ಸಿಗೆ ಹೂವು ಎರಡು ಮೂರು ಸೆಂಟಿಮೀಟರ್ ಹತ್ತಿರವೇ ಇರಬೇಕು. ಉಸಿರು ಬಿಟ್ಟರೂ ಚಿತ್ರ ಮಸುಕು. 73ರ ಮಂಡಿಗೆ ಕೂರುವುದು ಹೇಗೋ ಆದೀತು, ಏಳುವುದೇ ಕಷ್ಟ!

ಮಳೆಗಾಲದಲ್ಲಿ ಈ ಕಲ್ಲಿನ ಮೇಲೆ ಬೆರಳೆತ್ತರದ ತೋಟವೇ ಏಳುತ್ತದೆ. ಅಂಗಿಯ ಬಿಳಿ ಗುಂಡಿಯಂಥ ಎರಿಯೋಕಾಲಾನ್. ನೇರಳೆ ಬಣ್ಣದ ಯುಟ್ರಿಕ್ಯುಲೇರಿಯಾ. ಇದರ ಹೂವು ಬಲು ಸಾಧು. ಆದರೆ ಒದ್ದೆ ಮಣ್ಣಿನೊಳಗೆ ಇದರ ಸಣ್ಣ ಸಣ್ಣ ಚೀಲಗಳಿವೆ. ಹತ್ತಿರ ಸುಳಿದ ಸೂಕ್ಷ್ಮಜೀವಿಯನ್ನು ಅವು ನೀರಿನ ಸಮೇತ ಹೀರಿಕೊಳ್ಳುತ್ತವೆ.

ಪಕ್ಕದಲ್ಲೇ ಡ್ರಾಸೆರಾ. ಎಲೆ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲೂ ಇಬ್ಬನಿಯಂಥ ಹನಿ. ಅದು ನೀರಲ್ಲ, ಅಂಟು. ಫೋಕಸ್ ಮಾಡುತ್ತಿದ್ದಂತೆ ಒಂದು ಪುಟ್ಟ ನೊಣ ಅದರಲ್ಲಿ ಕಾಲು ಬಡಿಯುತ್ತಿರುವುದು ಕಾಣಿಸಿತು.

“ಅಜ್ಜ, ಬಿಡಿಸು!” ಮೊಮ್ಮಗಳು ಆಗಲೇ ಹುಲ್ಲುಕಡ್ಡಿ ಕಿತ್ತಿದ್ದಳು.

ಈ ತೆಳು ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ, ಗಿಡ ಅದನ್ನು ಕೀಟದಿಂದಲೂ ಪಡೆಯುತ್ತದೆ ಎಂದು ವಿವರಿಸಿದೆ.

“ನೊಣ ಏನು ತಪ್ಪು ಮಾಡಿತ್ತು?”

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕಡ್ಡಿ ಕೆಳಗಿಟ್ಟಳು. “ಆದರೆ ಫೋಟೊ ತೆಗೀಬೇಡ” ಎಂದಳು. ತೆಗೆಯಲಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲದ ಅರ್ಜಿಗಳಲ್ಲಿ ಇಂಥ ನೆಲದ ಎದುರು ‘ಬಂಜರು’ ಎಂದು ಎಷ್ಟು ಸಲ ಬರೆದಿದ್ದೇನೋ! ಬರೆದದ್ದು ಸುಳ್ಳಲ್ಲ. ಬಂಜರಾಗಿರುವುದರಿಂದಲೇ ಇವು ಇಲ್ಲಿ ಬದುಕಿವೆ. ಗೊಬ್ಬರ ಬಿದ್ದರೆ ಎತ್ತರದ ಹುಲ್ಲು ಬೆಳೆದು ಇವುಗಳ ಬಿಸಿಲನ್ನೇ ಕಸಿದೀತು.

ಮೊಮ್ಮಗಳ ಭುಜ ಹಿಡಿದು ಎದ್ದೆ. ಗೋಣಿಚೀಲ ಮಡಚಿದರೆ ಅದರಡಿ ಹೂಗಳು ನೆಲಕ್ಕಂಟಿ ಮಲಗಿದ್ದವು. ಅವಳು ಎಣಿಸಿದಳು: 14.

ನೀವು ಹೋದಾಗ ಮೊದಲು ಬರಿಗಲ್ಲು ಹುಡುಕಿ, ಅಲ್ಲೇ ಕೂರಿ. ಹೂವು ಹುಡುಕುವುದು ಆಮೇಲೆ.