ಮೌನ ಸಮ್ಮತಿಯಲ್ಲ

ಪ್ಲಸ್ ಟು ಫಲಿತಾಂಶ ಬಂತೆಂದರೆ ನಾಯ್ಮಾರ್ಮೂಲೆಯ ಅಕ್ಷಯ ಕೇಂದ್ರದಲ್ಲಿ ಮಕ್ಕಳಿಗಿಂತ ಹೆತ್ತವರೇ ಹೆಚ್ಚು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಅಂಕಪಟ್ಟಿ, ಆಧಾರ್, ಫೋಟೋ. ಮುಖದಲ್ಲಿ ಮಾತ್ರ ಒಂದೇ ಪ್ರಶ್ನೆ: ಸೀಟು ಸಿಗಬಹುದಾ? 2024ರ ಮೇ ತಿಂಗಳಲ್ಲಿ ನಾವಿಬ್ಬರೂ ಮಗಳನ್ನು ಕರೆದುಕೊಂಡು ಅದೇ ಸಾಲಿನಲ್ಲಿ ನಿಂತಿದ್ದೆವು. ಆ ವರ್ಷ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇವೆ. ಬುದ್ಧಿ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ಈ ವರ್ಷ ಅರ್ಜಿ ತುಂಬಿಸಲಿರುವ ಯಾವುದಾದರೂ ಒಂದು ಕುಟುಂಬಕ್ಕೆ ಉಪಯೋಗವಾದರೆ ಸಾಕು.

ಮಗಳಿಗೆ ಚಿಕ್ಕಂದಿನಿಂದಲೂ ಕಲ್ಲು ಮಣ್ಣಿನ ಹುಚ್ಚು. ಬೇಳದ ಕಡೆಯ ಅಜ್ಜಿ ಮನೆಯ ಗುಡ್ಡದಲ್ಲಿ ಒಂದು ಸುರಂಗವಿದೆ. ಮುರಕಲ್ಲನ್ನು ಕೊರೆದು ಹಿಂದಿನವರು ಮಾಡಿದ್ದು. ಬೇಸಿಗೆಯಲ್ಲೂ ಅದರಿಂದ ನೂಲಿನಂತೆ ನೀರು ಇಳಿಯುತ್ತದೆ. "ಇಷ್ಟು ಗಟ್ಟಿ ಕಲ್ಲಿನೊಳಗೆ ನೀರು ಎಲ್ಲಿಂದ ಬರುತ್ತದೆ ಪಪ್ಪ?" ಎಂದು ಆರನೇ ತರಗತಿಯಲ್ಲಿ ಕೇಳಿದ ಪ್ರಶ್ನೆಯನ್ನು ಅವಳು ಬಿಡಲೇ ಇಲ್ಲ. ಪ್ಲಸ್ ಟು ಮುಗಿಯುವ ಹೊತ್ತಿಗೆ ಅದು ಜಿಯಾಲಜಿ ಕಲಿಯಬೇಕೆಂಬ ಆಸೆಯಾಗಿತ್ತು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ನಮ್ಮ ಪಕ್ಕದ ವಿದ್ಯಾನಗರದಲ್ಲೇ ಇದೆ. ಅಲ್ಲಿ ಜಿಯಾಲಜಿ ವಿಭಾಗವೂ ಇದೆ. ನಡೆದುಕೊಂಡು ಹೋಗಿ ಬರಬಹುದು.

ನಮ್ಮ ಲೆಕ್ಕ ಬೇರೆ ಇತ್ತು. ಸಂಬಂಧಿಕರ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರು. ಮದುವೆ ಮನೆಗಳಲ್ಲಿ ಅವರದ್ದೇ ಸುದ್ದಿ. ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಅರ್ಜಿಯಲ್ಲಿ ಕಾಲೇಜು ಮತ್ತು ವಿಷಯಗಳನ್ನು ನಮ್ಮ ಇಷ್ಟದ ಕ್ರಮದಲ್ಲಿ ಬರೆಯಬೇಕು. ಮೊದಲನೆಯದಾಗಿ ನಾವು ಕಣ್ಣೂರು ಕಡೆಯ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬರೆಸಿದೆವು. ಮಗಳ ಜಿಯಾಲಜಿ ಎರಡನೆಯದಾಯಿತು. "ಜಿಯಾಲಜಿ ಕಲಿತು ಕಲ್ಲು ಒಡೆಯಲಿಕ್ಕಾ?" ಎಂಬ ತಮಾಷೆಯೂ ನಮ್ಮ ಬಾಯಿಂದ ಬಂತು. ಅವಳು ನಗಲಿಲ್ಲ, ವಾದಿಸಲೂ ಇಲ್ಲ. ಸುಮ್ಮನಿದ್ದಳು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಹೆತ್ತವರಿಗೆ ಎಷ್ಟು ಅನುಕೂಲ ನೋಡಿ!

ಜೂನ್ ತಿಂಗಳ ಮಳೆಯಲ್ಲಿ ಮೊದಲ ಅಲಾಟ್‌ಮೆಂಟ್ ಬಂತು. ಅವಳಿಗೆ ಸಿಕ್ಕಿದ್ದು ಎರಡನೆಯ ಆಯ್ಕೆ, ಅದೇ ಜಿಯಾಲಜಿ. ಷಟ್ಪಥ ಹೆದ್ದಾರಿಗಾಗಿ ಅಗೆದು ಹಾಕಿದ್ದ ಕೆಸರನ್ನು ದಾಟಿಕೊಂಡು ಓಡಿ ಬಂದು ಸುದ್ದಿ ಹೇಳಿದವಳ ಮುಖ ಈಗಲೂ ನಮ್ಮ ಕಣ್ಣ ಮುಂದಿದೆ. ಸೀಟು ಉಳಿಯಬೇಕಾದರೆ ಹೇಳಿದ ದಿನದೊಳಗೆ ಶುಲ್ಕ ಕಟ್ಟಬೇಕು. ಕಟ್ಟಿದೆವು. "ಮೇಲಿನ ಆಯ್ಕೆಯನ್ನು ರದ್ದು ಮಾಡುವ ಪಪ್ಪ, ಇದೇ ಸಾಕು" ಎಂದಳು. ನಾವು, "ಇರಲಿ ಬಿಡು, ಅದು ನಿನ್ನನ್ನು ಕಚ್ಚುತ್ತದಾ? ಕಾದು ನೋಡುವ" ಎಂದೆವು. ಮರುದಿನ ಇನ್ನೊಮ್ಮೆ ಕೇಳಿದಳು. ಅದೇ ಉತ್ತರ ಕೊಟ್ಟೆವು. ಮತ್ತೆ ಅವಳು ಕೇಳಲಿಲ್ಲ.

ಇಲ್ಲಿಯ ನಿಯಮವನ್ನು ನಾವು ಸರಿಯಾಗಿ ಓದಿರಲಿಲ್ಲ. ಸಿಕ್ಕಿದ ಸೀಟಿನಲ್ಲಿ ತೃಪ್ತಿ ಇದ್ದವರು ಮೇಲಿನ ಆಯ್ಕೆಗಳನ್ನು ಸಮಯದೊಳಗೆ ತಾವೇ ರದ್ದು ಮಾಡಬೇಕು. ಸುಮ್ಮನಿದ್ದರೆ, ಮೇಲಿನದು ಬೇಕೆಂದೇ ಅರ್ಥ. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿದರೆ ಕೆಳಗಿನ ಸೀಟು ತನ್ನಿಂದ ತಾನೇ ಹೋಗಿ, ಕಾಯುತ್ತಿರುವ ಇನ್ನೊಂದು ಮಗುವಿಗೆ ಸಿಗುತ್ತದೆ. ಮತ್ತೆ ಬೇಕೆಂದರೂ ಸಿಗದು. ಎರಡನೇ ಅಲಾಟ್‌ಮೆಂಟಿನಲ್ಲಿ ಆದದ್ದು ಅದೇ. ಕಂಪ್ಯೂಟರ್ ಸೈನ್ಸ್ ಬಂತು, ಜಿಯಾಲಜಿ ಹೋಯಿತು. ನೆರೆಕರೆಯವರು ಅಭಿನಂದಿಸಿದರು. ನಾವು ಲಾಡು ಹಂಚಿದೆವು.

ಆ ರಾತ್ರಿ ಅವಳು ಊಟಕ್ಕೆ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ, ಶಾಲೆಯ ದಿನಗಳಿಂದ ಕೂಡಿಟ್ಟಿದ್ದ ಕಲ್ಲುಗಳನ್ನು ಒಂದು ಹಳೆಯ ಬಿಸ್ಕೆಟ್ ಡಬ್ಬಿಗೆ ತುಂಬಿಸುತ್ತಿದ್ದಳು. "ಬೇಡವೆಂದು ಆಗಲೇ ಹೇಳಬಹುದಿತ್ತಲ್ಲ ಮಗಾ?" ಎಂದು ಕೇಳಿದೆವು. "ಹೇಳಿದ್ದೆ ಅಮ್ಮ. ಎರಡು ಸಲ ಹೇಳಿದ್ದೆ. ಮೂರನೇ ಸಲ ಸುಮ್ಮನಾದೆ" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಯಂತ್ರ ಅವಳ ಮೌನವನ್ನು ಒಪ್ಪಿಗೆಯೆಂದು ತಿಳಿದದ್ದು ನಿಯಮದ ಪ್ರಕಾರ. ಹೆತ್ತವರಾದ ನಾವು ಯಾವ ನಿಯಮದ ಪ್ರಕಾರ ಹಾಗೆ ತಿಳಿದೆವು?

ಮೂರು ದಿನ ಮನೆಯಲ್ಲಿ ಮಾತು ಕಡಿಮೆ. ಕೊನೆಗೆ ಅವಳೇ ನಿರ್ಧಾರ ಹೇಳಿದಳು: ಆ ಸೀಟಿಗೆ ಸೇರುವುದಿಲ್ಲ, ಕೊನೆಯಲ್ಲಿ ಖಾಲಿ ಉಳಿಯುವ ಸೀಟುಗಳಿಗೆ ಕಾಯುತ್ತೇನೆ. ಕೈಯಲ್ಲಿದ್ದದ್ದನ್ನು ಬಿಟ್ಟು ಕಾಯುವುದೆಂದರೆ ನಮಗೆ ಎದೆ ಹೊಡೆದುಕೊಂಡಿತು. ಆದರೆ ಈ ಸಲ ಬಾಯಿ ಮುಚ್ಚಿಕೊಳ್ಳುವ ಸರದಿ ನಮ್ಮದು. 2024ರ ಜುಲೈ 1ರಂದು ಕೇರಳದಾದ್ಯಂತ ನಾಲ್ಕು ವರ್ಷದ ಹೊಸ ಪದವಿ ತರಗತಿಗಳು ಆರಂಭವಾದಾಗ ಅವಳು ಮನೆಯಲ್ಲೇ ಇದ್ದಳು. ಬೆಳಿಗ್ಗೆ ಗೆಳತಿಯರು ಬ್ಯಾಗು ಹಾಕಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡುವಾಗ ಅವಳಿಗಾದ ಸಂಕಟ ನಮಗೆ ಕಾಣುತ್ತಿತ್ತು. ಕೊನೆಗೆ ಖಾಲಿ ಸೀಟಿನ ಪಟ್ಟಿ ಬಂತು. ಜಿಯಾಲಜಿಗೆ ಇದ್ದದ್ದು ಒಂದೇ ಸೀಟು, ಅವಳ ಹೆಸರು ನಾಲ್ಕನೆಯದು. ಸಿಕ್ಕಿದ್ದು ರಸಾಯನಶಾಸ್ತ್ರ. ಅದನ್ನೇ ಮೇಜರ್ ಆಗಿ ತೆಗೆದುಕೊಂಡು, ಮೈನರ್ ವಿಷಯಗಳಲ್ಲಿ ಒಂದಾಗಿ ಜಿಯಾಲಜಿಯನ್ನು ಆರಿಸಿಕೊಂಡಳು.

ಹೊಸ ಪದವಿಯಲ್ಲಿ ಒಂದು ಒಳ್ಳೆಯ ಬಾಗಿಲು ಇದೆ. ಎರಡನೇ ಸೆಮಿಸ್ಟರ್ ಮುಗಿದ ಮೇಲೆ, ಜಾಗವಿದ್ದರೆ, ಅರ್ಹತೆಯ ಮೇಲೆ ಮೇಜರ್ ಬದಲಾಯಿಸಿಕೊಳ್ಳಬಹುದು. 2025ರಲ್ಲಿ ಅವಳು ಅರ್ಜಿ ಹಾಕಿದಳು. ಆ ಪಟ್ಟಿಯಲ್ಲಿ ಎರಡನೆಯವಳಾದಳು, ಅಲ್ಲಿಯೂ ಇದ್ದದ್ದು ಒಂದೇ ಜಾಗ. ಕಥೆಯಲ್ಲಾದರೆ ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಸಿಗಲಿಲ್ಲ. "ನೀರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ನೋಡಲಿಕ್ಕೆ ರಸಾಯನಶಾಸ್ತ್ರವೂ ಬೇಕು" ಎಂದು ಅವಳೇ ನಮ್ಮನ್ನು ಸಮಾಧಾನ ಮಾಡಿದಳು. ಕಲ್ಲಿನ ಡಬ್ಬಿ ಮತ್ತೆ ಮೇಜಿನ ಮೇಲೆ ಬಂದಿದೆ.

ಬಳಿಕ ಈ ಹಂಚಿಕೆಯ ರೀತಿಯನ್ನು ನಾವು ಅವರಿವರಲ್ಲಿ ಕೇಳಿ ತಿಳಿದುಕೊಂಡೆವು. ಮಂಜೇಶ್ವರದ ನಮ್ಮ ಸಂಬಂಧಿಕರ ಹುಡುಗ ಗಡಿನಾಡ ಕನ್ನಡಿಗರ ವಿಭಾಗದಲ್ಲಿ, ಅದಕ್ಕೆಂದೇ ಇರುವ ಕನ್ನಡ ಭಾಷಾ ಪರೀಕ್ಷೆ ಬರೆದು, ಕರ್ನಾಟಕ ಸಿಇಟಿಗೆ ಸೇರಿದವನು. ಅಲ್ಲಿ ಸೀಟು ಹಂಚಿದ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಹೇಳಬೇಕು: ತೃಪ್ತಿಯಿದೆ, ಸೇರುತ್ತೇನೆ; ತೃಪ್ತಿಯಿದೆ, ಆದರೆ ಇನ್ನೂ ಮೇಲಿನದಕ್ಕೆ ನೋಡುತ್ತೇನೆ; ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ; ಏನೂ ಬೇಡ. ಎರಡನೆಯದನ್ನು ಹೇಳಿದವರಿಗೆ ಮೇಲಿನದು ಸಿಕ್ಕಿದರೆ ಹಳೆಯದು ಹೋಗುತ್ತದೆ. ಎಲ್ಲ ಕಡೆಯೂ ತಿರುಳು ಒಂದೇ. ಬರೆದ ಕ್ರಮವೇ ನಮ್ಮ ಮಾತು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು ಕಾಲೇಜು ಸೀಟು ಹಂಚುವ ಒಂದು ವಿಧಾನವನ್ನು ತೋರಿಸಿಕೊಟ್ಟರು. ಅದರಲ್ಲಿ ವಿದ್ಯಾರ್ಥಿ ತನಗೆ ನಿಜವಾಗಿ ಬೇಕಾದ ಕ್ರಮದಲ್ಲಿ ಬರೆದರೆ ಸಾಕು, ಜಾಣತನ ಮಾಡಿ ಮೇಲೆ ಕೆಳಗೆ ಮಾಡುವುದರಿಂದ ಲಾಭವಿಲ್ಲ. ಶೇಪ್ಲಿಯವರಿಗೆ 2012ರಲ್ಲಿ ಆಲ್ವಿನ್ ರಾತ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯೂ ಬಂತು. ನಮಗೆ ಅಷ್ಟು ಗಣಿತ ತಿಳಿಯದು. ಬೇಡದ್ದನ್ನು ಮೇಲೆ ಬರೆದರೆ ಬೇಡದ್ದೇ ಬರುತ್ತದೆ ಎಂಬುದು ಮಾತ್ರ ತಿಳಿಯಿತು.

ಇನ್ನೊಂದು ಮಾತು. "ಪ್ರೊವಿಷನಲ್" ಎಂದು ಬರೆದ ಪ್ರವೇಶ ಪತ್ರ ಸಿಕ್ಕಿದರೆ ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ಮೀಸಲಾತಿಯಲ್ಲಿ ಸೀಟು ಸಿಕ್ಕಿದವರು ವಿಲೇಜ್ ಆಫೀಸಿನ ಸರ್ಟಿಫಿಕೇಟನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಮಂಗಳೂರು ಕಡೆ ಸೇರುವವರು, ಕೇರಳದಲ್ಲಿ ಕಲಿತವರಿಗೆ ಅರ್ಹತಾ ಪತ್ರ ಬೇಕೇ ಎಂದು ಕಾಲೇಜಿನಲ್ಲಿ ವಿಚಾರಿಸಿ. ಮಕ್ಕಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳಬಾರದೆಂದೂ, ಬಿಟ್ಟು ಹೋಗುವವರಿಗೆ ದಿನದ ಲೆಕ್ಕದಲ್ಲಿ ಶುಲ್ಕ ಹಿಂತಿರುಗಿಸಬೇಕೆಂದೂ ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಇದು ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆ.

ಮೊನ್ನೆ ಮಗನ ಪ್ಲಸ್ ವನ್ ಅರ್ಜಿಯ ಸರದಿ ಬಂತು. ಅಲ್ಲಿಯೂ ಮೊದಲ ಆಯ್ಕೆ ಸಿಗದವರು ತಾತ್ಕಾಲಿಕ ಪ್ರವೇಶ ಪಡೆದು ಮೇಲಿನದಕ್ಕೆ ಕಾಯಬಹುದು. ಈ ಸಲ ನಾವು ಅಕ್ಷಯ ಕೇಂದ್ರಕ್ಕೆ ಓಡಲಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದು, ಊಟದ ಮೇಜಿನ ಮೇಲೆ ಒಂದು ಬಿಳಿ ಕಾಗದ ಇಟ್ಟು, "ನೀನೇ ಬರೆ" ಎಂದೆವು. ಅವನು ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಸುಮ್ಮನೆ ಕುಳಿತ. ನಮಗೆ ಬಾಯಿ ತುರಿಸುತ್ತಿತ್ತು. ಅಕ್ಕ ಮಾತ್ರ ನಮ್ಮತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಮತ್ತೆ ತಮ್ಮನತ್ತ ತಿರುಗಿ, "ಸುಮ್ಮನಿರಬೇಡ ಮಾರಾಯ, ಏನು ಬೇಕೆಂದು ಹೇಳು" ಎಂದಳು.

ಅವನು ಹೇಳಿದ. ನಾವು ಕೇಳಿದೆವು.