ಮೊಮ್ಮಗನ ಕೈಹಿಡಿದು ನಾಲ್ಕು ತಾಲ್ಲೂಕು

ಎಳ್ಳಮಾವಾಸ್ಯೆ ಮುಗಿದ ಮರುವಾರ ನಾವು, ನಮ್ಮ ಮನೆಯವರು ಹಾಗೂ ಆರು ವರ್ಷದ ಮೊಮ್ಮಗ ಮೂವರೂ ಕೂಡಿ ನಾಲ್ಕು ದಿನಗಳ ಪ್ರವಾಸವೊಂದನ್ನು ಕೈಗೊಂಡೆವು. ಕಾಶಿ, ಶ್ರೀಶೈಲಗಳಂಥ ದೂರದ ಯಾತ್ರೆಯಲ್ಲ. ನಮ್ಮದೇ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿರುವ ಬೀಗರು ಬಳಗವನ್ನು ಕಂಡು, ಕಡೆಗೆ ಬಸವನ ಬಾಗೇವಾಡಿ ಸೀಮೆಯ ನಮ್ಮ ಹೊಲಕ್ಕೆ ಹೋಗಿ ಬರಬೇಕೆಂಬುದು ಉದ್ದೇಶ. ಮಗ ಸೊಸೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು. ಶಾಲೆಗೆ ರಜೆ ಬಿಟ್ಟೊಡನೆ ಮೊಮ್ಮಗನನ್ನು ನಮ್ಮ ಕೈಗೆ ಒಪ್ಪಿಸಿದ ಸೊಸೆ, ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದ್ದಳು: "ಮಾವನವರ, ಜ್ವಾಕಿ." ಆ ಒಂದು ಮಾತು ನಾಲ್ಕೂ ದಿನ ನಮ್ಮ ಬೆನ್ನ ಹಿಂದೆಯೇ ಬಂದಿತು.

ಮೊದಲು ಇಂಡಿ. ಉತ್ತರಕ್ಕೆ ಭೀಮಾ ನದಿ, ಅದರಾಚೆ ಮಹಾರಾಷ್ಟ್ರ. ಇಂಡಿಯ ಲಿಂಬೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ರಸದಲ್ಲಿ, ಪರಿಮಳದಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಬೆಳೆದವರೂ ಕೊಂಡವರೂ ಹೇಳುತ್ತಾರೆ. ದಾರಿಯುದ್ದಕ್ಕೂ ಲಿಂಬೆಯ ತೋಟಗಳು ಕಣ್ಣಿಗೆ ತಂಪು. ಆದರೆ ಲಿಂಬೆಯ ಗಿಡ ಬೇಸಿಗೆಯಲ್ಲಿ ನೀರು ಬೇಡುತ್ತದೆ. ಮಳೆ ಕೈಕೊಟ್ಟ ವರ್ಷ ರೈತನಿಗೆ ಉಳಿಯುವ ದಾರಿ ಒಂದೇ: ನೆಲಕ್ಕೆ ತೂತು ಕೊರೆಯುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರಕಾರವು ಬರಪೀಡಿತವೆಂದು ಸಾರಿತು. ಆ ಬರದ ಬೆನ್ನಿಗೇ ಬಂದ ಬೇಸಿಗೆಯಲ್ಲಿ ಇದೇ ತಾಲ್ಲೂಕಿನ ಲಚ್ಯಾಣದಲ್ಲಿ ನಡೆದ ಘಟನೆಯನ್ನು ಓದುಗ ಬಂಧುಗಳು ಮರೆತಿರಲಾರರು.

2024ರ ಏಪ್ರಿಲ್ 3ರ ಸಂಜೆ. ಆಡುತ್ತಿದ್ದ ಸುಮಾರು ಎರಡು ವರ್ಷದ ಗಂಡುಕೂಸು, ಹೊಲದಲ್ಲಿ ಹೊಸದಾಗಿ ಕೊರೆಸಿ ಮುಚ್ಚದೆ ಬಿಟ್ಟಿದ್ದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದಿತು. ಸುಮಾರು ಹದಿನಾರು ಅಡಿ ಆಳದಲ್ಲಿ ಸಿಕ್ಕಿಕೊಂಡಿತು. ಪೊಲೀಸರು, ಅಗ್ನಿಶಾಮಕದವರು, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಬಂದರು. ಒಳಗೆ ಆಮ್ಲಜನಕ ಹರಿಸಿದರು. ಕ್ಯಾಮೆರಾ ಇಳಿಬಿಟ್ಟು ಕೂಸಿನ ಕಾಲು ಅಲುಗುವುದನ್ನು ಕಂಡು ಧೈರ್ಯ ತಾಳಿದರು. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ನಡುವೆ ಕಲ್ಲು ಅಡ್ಡ ಬಂದರೂ ಬಿಡದೆ, ಸುಮಾರು ಇಪ್ಪತ್ತು ತಾಸುಗಳ ನಂತರ ಮರುದಿನ ಮಧ್ಯಾಹ್ನ ಕೂಸನ್ನು ಜೀವಂತ ಹೊರತೆಗೆದರು. ಅಂದು ನಾಡಿಗೆ ನಾಡೇ ನಿಟ್ಟುಸಿರು ಬಿಟ್ಟಿತು. ನಮ್ಮ ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತಿದ್ದ ನಮ್ಮ ಮನೆಯವರು ಕೈಯಲ್ಲಿದ್ದ ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಅತ್ತದ್ದು ನೆನಪಿದೆ.

ಆ ಹಾದಿಯಲ್ಲಿ ಹೋಗುವಾಗ ನಾವು ಆ ಮನೆಯ ಬಾಗಿಲು ತಟ್ಟಲಿಲ್ಲ. ನೊಂದು ಚೇತರಿಸಿಕೊಂಡವರನ್ನು ನೋಡಲು ಹೋಗುವುದು ಸಲ್ಲದು. ಆದರೆ ಮೊಮ್ಮಗನಿಗೆ ಕಥೆಯನ್ನು ಹೇಳಿದೆವು. ಬದುಕಿ ಬಂದ ಕೂಸಿನ ಕಥೆ ಹೇಳುವುದು ಸುಲಭ. ಬಾರದ ಮಕ್ಕಳ ಕಥೆ ಹೇಳಲು ನಾಲಿಗೆ ಏಳಲಿಲ್ಲ. 2014ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ನಾಗಠಾಣದಲ್ಲಿ ನಾಲ್ಕು ವರ್ಷದ ಹುಡುಗಿ, ಅದೇ ವರ್ಷದ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ. ಮೂವರೂ ಮರಳಲಿಲ್ಲ. ಮೂವರೂ ರೈತಾಪಿ ಸೀಮೆಯ ಮಕ್ಕಳು. ನೀರಿಗಾಗಿ ಕೊರೆದ ಬಾವಿಯೇ ಮಕ್ಕಳನ್ನು ನುಂಗಿತೆಂದರೆ ಇದಕ್ಕಿಂತ ದೊಡ್ಡ ಬರ ಯಾವುದು?

ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯೆಂದರೆ ಕರಿನೆಲದ ಸೊಬಗು. ಹಿಂಗಾರಿ ಜೋಳ ಎದೆಯೆತ್ತರ ನಿಂತು ತೆನೆ ಬಿಟ್ಟಿತ್ತು. ಬೀಗರ ಹೊಲದಲ್ಲಿ ಎಳೆ ತೆನೆಗಳನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಉಜ್ಜಿ, ಸೀತನಿ ಮಾಡಿ ಶೇಂಗಾ ಹಿಂಡಿಯೊಡನೆ ಕೊಟ್ಟರು. ಪ್ಯಾಕೀಟಿನ ಕುರುಕಲು ಇಲ್ಲದೆ ಊಟಕ್ಕೆ ಕೂರದ ನಮ್ಮ ಮೊಮ್ಮಗ ಎರಡು ಬೊಗಸೆ ಸೀತನಿ ತಿಂದು, "ಆಯಿ, ಇದು ಬೆಂಗಳೂರಾಗ ಯಾಕ ಸಿಗಂಗಿಲ್ಲ?" ಎಂದು ಕೇಳಿದ. ನಮ್ಮ ಮನೆಯವರು ನಕ್ಕರು. ನಾವು ನಗಲಿಲ್ಲ. ಅವನಿಗೆ ಪ್ಯಾಕೀಟಿನ ರುಚಿ ಹಚ್ಚಿದವರು ನಾವೇ. ಹಿಂದಿನ ರಜೆಗಳಲ್ಲಿ ಅತ್ತಾಗಲೆಲ್ಲ ಅಂಗಡಿಗೆ ಕರೆದೊಯ್ದವರು, ಸುಮ್ಮನಿರಲೆಂದು ಕೈಗೆ ಮೊಬೈಲು ಕೊಟ್ಟವರು, ಅದನ್ನೇ ಅಜ್ಜನ ಪ್ರೀತಿಯೆಂದು ತಿಳಿದವರು ನಾವೇ.

ಜೋಳದ ರೊಟ್ಟಿ, ಪುಂಡಿಪಲ್ಲೆ, ಮೊಳಕೆಯೊಡೆದ ಮಡಿಕೆಕಾಳು, ಗುರೆಳ್ಳು ಹಿಂಡಿ, ಮಜ್ಜಿಗೆ: ಇವು ನಮ್ಮ ಹಿರಿಯರ ನಿತ್ಯದ ಊಟ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜಗತ್ತು ಜೋಳ ಸಜ್ಜೆಗಳ ಗುಣವನ್ನು ಕೊಂಡಾಡಿತು. ಆದರೆ ಮನೆಯ ರೊಟ್ಟಿಯನ್ನು ಬಿಟ್ಟು ಬೇಕರಿಯ ತಿನಿಸಿಗೆ ಕೈಯೊಡ್ಡಿದವರು ನಾವು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳು ದಿನಕ್ಕೆ ಒಂದು ತಾಸಾದರೂ ಮೈಬೆವರುವಂತೆ ಆಡಬೇಕೆಂದೂ ಹೇಳುತ್ತದೆ. ಅಂದು ಸಿಂದಗಿಯ ಕಣದಲ್ಲಿ ಮೊಮ್ಮಗ ಆಡಿದ್ದು ಮೂರು ತಾಸು. ರಾತ್ರಿ ಕಥೆ ಕೇಳುವ ಮೊದಲೇ ನಿದ್ದೆ ಹೋದ. ಮೊಬೈಲನ್ನು ಕೇಳಲೇ ಇಲ್ಲ.

ಅದೇ ಮನೆಯಲ್ಲಿ ಮರುದಿನ ಬೆಳಿಗ್ಗೆ ನಮ್ಮ ಎದೆ ಝಲ್ಲೆಂದ ಪ್ರಸಂಗವೊಂದು ನಡೆಯಿತು. ಪಡಸಾಲೆಯ ಮಾಡದಲ್ಲಿ ತಂಪು ಪಾನೀಯದ ಬಾಟಲಿಯೊಂದಿತ್ತು. ಮೊಮ್ಮಗ ಅದರ ಮುಚ್ಚಳಕ್ಕೆ ಕೈ ಹಾಕಿದ್ದ. ಬೀಗಿತ್ತಿ ಓಡಿ ಬಂದು ಕಸಿದುಕೊಂಡರು. ಅದರಲ್ಲಿದ್ದುದು ತೊಗರಿಗೆ ಹೊಡೆದು ಉಳಿದ ಎಣ್ಣೆ! ದೊಡ್ಡ ಡಬ್ಬಿ ಒಡೆದಿತ್ತೆಂದು ಈ ಬಾಟಲಿಗೆ ಸುರಿದಿಟ್ಟಿದ್ದರಂತೆ. ಯಾರೂ ಯಾರನ್ನೂ ಬಯ್ಯಲಿಲ್ಲ. ಎಲ್ಲರ ಮುಖವೂ ಬಿಳಿಚಿತ್ತು. ಕೀಟನಾಶಕವನ್ನು ಅದರ ಸ್ವಂತ ಡಬ್ಬಿಯಲ್ಲೇ, ಬೀಗ ಹಾಕುವ ಜಾಗದಲ್ಲಿ, ಮಕ್ಕಳ ಕೈಗೆ ನಿಲುಕದಂತೆ ಇಡಬೇಕು. ಕುಡಿಯುವ, ತಿನ್ನುವ ವಸ್ತುವಿನ ಬಾಟಲಿಗೆ ಎಂದೂ ಸುರಿಯಬಾರದು. ಅಕಸ್ಮಾತ್ ಮಗು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನೂ ಜೊತೆಗೆ ಹಿಡಿದು ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಈ ನಾಲ್ಕು ಮಾತುಗಳನ್ನು ಬೀಗರು ಅಂದೇ ತಮ್ಮ ಆಳುಮಕ್ಕಳಿಗೂ ತಿಳಿಹೇಳಿದರು.

ಮಡಿವಾಳ ಮಾಚಿದೇವರ ಊರಾದ ದೇವರ ಹಿಪ್ಪರಗಿಗೆ ನಮಿಸಿ, ತಾಳಿಕೋಟೆಯ ಮೇಲೆ ಹಾದು ಮುದ್ದೇಬಿಹಾಳಕ್ಕೆ ಬಂದೆವು. ತಾಳಿಕೋಟೆಯ ಬಳಿ ಡೋಣಿ ನದಿ. ಡೋಣಿಯ ಸೀಮೆ ಬೆಳೆದರೆ ಓಣಿ ಓಣಿಗೂ ಜೋಳವೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದುದು ಈ ಮಣ್ಣಿನ ಗುಣ ಕಂಡೇ. ಇನ್ನೂ ದಕ್ಷಿಣಕ್ಕೆ ನಡೆದರೆ ಕೃಷ್ಣೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟೆ, ಅದರ ಕೆಳಗೆ ನಾರಾಯಣಪುರದ ಬಸವಸಾಗರ. ಇವುಗಳಿಂದ ನಮ್ಮ ಒಣನೆಲಕ್ಕೆ ಕಾಲುವೆಗಳು ಬಂದವು. ನೀರು ಬಂದದ್ದು ಭಾಗ್ಯವೇ. ಆದರೆ ನೀರಿನೊಡನೆ ಬಾಳುವ ರೀತಿಯನ್ನು ನಾವು ಮಕ್ಕಳಿಗೆ ಕಲಿಸಲಿಲ್ಲ. ನಮ್ಮ ಬಾಲ್ಯದಲ್ಲಿ ಬೆನ್ನಿಗೆ ಬೆಂಡು ಕಟ್ಟಿ, ಮೆಟ್ಟಿಲಬಾವಿಗೆ ಇಳಿಸಿ, ಅಜ್ಜನೋ ಕಾಕನೋ ಪಕ್ಕದಲ್ಲಿ ನಿಂತು ಈಸು ಕಲಿಸುತ್ತಿದ್ದರು. ಇಂದು ಬಾವಿಗಳು ಬತ್ತಿವೆ, ಈಸು ಮರೆತಿದೆ. ಎದುರಿಗೆ ಮಾತ್ರ ಸಿಮೆಂಟಿನ ಕಾಲುವೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ. ಪಾಚಿಗಟ್ಟಿದ ಆ ಇಳಿಜಾರಿನಲ್ಲಿ ಜಾರಿದವನಿಗೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗದು. ಹೊಂಡಕ್ಕೆ ಬೇಲಿ, ದಡಕ್ಕೆ ಕಟ್ಟಿದ ಗಂಟಿನ ಹಗ್ಗ, ಹತ್ತಿರದಲ್ಲೊಂದು ಗಾಳಿ ತುಂಬಿದ ಟ್ಯೂಬು: ಇಷ್ಟಕ್ಕೆ ತಗಲುವ ಖರ್ಚು ಒಂದು ಸೀಮಂತದ ಮಂಟಪದ ಖರ್ಚಿಗಿಂತ ಕಡಿಮೆ.

ಕುಡಿಯುವ ನೀರಿನ ಮಾತೂ ಇದೆ. ಆಳಕ್ಕೆ ಹೋದಷ್ಟೂ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಕುಡಿಯಲು ಯೋಗ್ಯವಲ್ಲ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ಅದರ ಮೊದಲ ಗುರುತು. ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಕೇಡು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನು ತಾಯಂದಿರು ಗಮನಿಸಬೇಕು. ನೀರನ್ನು ಪರೀಕ್ಷೆ ಮಾಡಿಸುವುದೊಂದೇ ದಾರಿ.

ನಾಲ್ಕನೆಯ ದಿನ ಬಸವನ ಬಾಗೇವಾಡಿ. ಹನ್ನೆರಡನೆಯ ಶತಮಾನದಲ್ಲಿ ಅಣ್ಣ ಬಸವಣ್ಣನವರು ಹುಟ್ಟಿದ ನೆಲ. ಬಸವೇಶ್ವರ ದೇವಾಲಯದಲ್ಲಿ ದರ್ಶನ ಪಡೆದು, ಪ್ರಾಂಗಣದ ನೆರಳಿನಲ್ಲಿ ಕುಳಿತು ಮೊಮ್ಮಗನಿಗೆ ನಾವೆಲ್ಲರೂ ಬಲ್ಲ ಐತಿಹ್ಯವನ್ನು ಹೇಳಿದೆವು: ಎಂಟು ವರ್ಷದ ಬಾಲಕನಿಗೆ ಉಪನಯನ ಮಾಡಹೊರಟಾಗ, ಅಕ್ಕನಿಗಿಲ್ಲದ ಸಂಸ್ಕಾರ ತನಗೇಕೆ ಎಂದು ಆತ ಕೇಳಿದ, ಹಿರಿಯರಲ್ಲಿ ಉತ್ತರವಿರಲಿಲ್ಲ, ಬಾಲಕ ಮನೆ ಬಿಟ್ಟು ಕೂಡಲಸಂಗಮದತ್ತ ನಡೆದ. ಮೊಮ್ಮಗ ಕಿವಿಗೊಟ್ಟು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಜ್ಜಾ, ನಮ್ಮ ಹೊಲದಾಗಿನ ಬೋರಿಗೆ ಮುಚ್ಚಳ ಐತೇನು?"

ನಾವು ಉತ್ತರಿಸಲಿಲ್ಲ. ಉತ್ತರ ಗೊತ್ತಿತ್ತು. 2016ರಲ್ಲಿ ಕೊರೆಸಿದ ಬೋರು ಅದು. ಮುನ್ನೂರು ಅಡಿ ಹೋದರೂ ಹನಿ ನೀರು ಬರಲಿಲ್ಲ. ಕೇಸಿಂಗ್ ಪೈಪನ್ನಾದರೂ ಉಳಿಸೋಣವೆಂದು ಕಿತ್ತು ಒಯ್ದೆವು. ಬಾಯಿಗೆ ಒಂದು ಗೋಣಿಚೀಲ ತುರುಕಿ, ಮೇಲೊಂದು ಚಪ್ಪಡಿ ಎಳೆದು, "ನಾಳೆ ಮುಚ್ಚಿಸೋಣ" ಎಂದು ಬಂದಿದ್ದೆವು. ಆ ನಾಳೆ ಇನ್ನೂ ಬಂದಿರಲಿಲ್ಲ. ಲಚ್ಯಾಣದ ಕೂಸಿಗಾಗಿ ದೇವರ ಮುಂದೆ ದೀಪ ಹಚ್ಚಿದ ದಿನವೂ ನಮಗೆ ನಮ್ಮ ಬೋರಿನ ನೆನಪಾಗಲಿಲ್ಲ. ಆಯಿಯ ಕಣ್ಣೀರು ನಿಜ, ನಮ್ಮ ಪ್ರಾರ್ಥನೆಯೂ ನಿಜ. ಆದರೆ ನಮ್ಮ ಹೊಲದ ತೂತೂ ಅಷ್ಟೇ ನಿಜವಾಗಿತ್ತು.

ಅಲ್ಲಿಂದ ನೇರ ಹೊಲಕ್ಕೆ ಹೋದೆವು. ಗೋಣಿಚೀಲ ಕರಗಿ ಮಣ್ಣಾಗಿತ್ತು. ಚಪ್ಪಡಿಯನ್ನು ಯಾರೋ ಬಟ್ಟೆ ಒಗೆಯಲು ಒಯ್ದಿದ್ದರು. ಪೈಪು ಕಿತ್ತ ಜಾಗದಲ್ಲಿ ಮಣ್ಣು ಕುಸಿದು ಬಾಯಿ ಅಗಲವಾಗಿತ್ತು. ಸುತ್ತ ಬೆಳೆದ ಹುಲ್ಲಿನಲ್ಲಿ ಹತ್ತಿರ ಹೋಗುವವರೆಗೂ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲೇ ಕೂಲಿಯ ಹೆಣ್ಣುಮಕ್ಕಳು ಕಸ ತೆಗೆಯುತ್ತಿದ್ದರು. ಅವರ ಇಬ್ಬರು ಮಕ್ಕಳು ಬದುವಿನ ಮೇಲೆ ಓಡಾಡುತ್ತಿದ್ದವು. ನಮ್ಮ ಕಾಲುಗಳಲ್ಲಿ ಶಕ್ತಿ ಉಡುಗಿತು.

2010ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಈ ಕುರಿತು ಸ್ಪಷ್ಟ ಆದೇಶಗಳನ್ನು ನೀಡಿದೆ. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೆಲಸ ನಡೆವಾಗ ಫಲಕವನ್ನೂ ಬೇಲಿಯನ್ನೂ ಹಾಕಬೇಕು. ಕೇಸಿಂಗಿನ ಸುತ್ತ ನೆಲದ ಮೇಲೆ 0.30 ಮೀಟರ್, ಕೆಳಗೆ 0.30 ಮೀಟರ್ ಇರುವಂತೆ ಕಾಂಕ್ರೀಟಿನ ಕಟ್ಟೆ ಕಟ್ಟಿ, ಬಾಯಿಗೆ ಉಕ್ಕಿನ ತಗಡು ಬೆಸೆಯಬೇಕು, ಇಲ್ಲವೆ ನಟ್ಟು ಬೋಲ್ಟಿನಿಂದ ಭದ್ರ ಮುಚ್ಚಳ ಬಿಗಿಯಬೇಕು. ನೀರು ಬಾರದ ಬೋರನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಚಪ್ಪಡಿ, ಗೋಣಿ, ಮುಳ್ಳುಕಂಟಿ ಇವಾವುವೂ ಮುಚ್ಚಳವಲ್ಲ.

ಆ ಮಧ್ಯಾಹ್ನವೇ ಟ್ರ್ಯಾಕ್ಟರು ತರಿಸಿದೆವು. ಆರೂವರೆ ಇಂಚಿನ ತೂತು ಮುನ್ನೂರು ಅಡಿ ಆಳವಿದ್ದರೂ ತುಂಬಲು ಒಂದು ಡಬ್ಬಿ ಕಲ್ಲುಮಣ್ಣು ಸಾಕಾಯಿತು. ಇಬ್ಬರು ಆಳುಗಳ ಅರ್ಧ ದಿನದ ದುಡಿಮೆ. ಇಷ್ಟು ಸಣ್ಣ ಕೆಲಸವನ್ನು ಇಷ್ಟು ವರ್ಷ ಮುಂದೂಡಿದ್ದೆವಲ್ಲ ಎಂಬ ನಾಚಿಕೆ ಇಂದಿಗೂ ಆರಿಲ್ಲ. ಕಡೆಯ ಬುಟ್ಟಿ ಸುರಿಯುವಾಗ ಮೊಮ್ಮಗನೂ ಒಂದು ಹಿಡಿ ಮಣ್ಣು ಹಾಕಿದ. ಕೂಲಿಯವರ ಮಕ್ಕಳಿಬ್ಬರೂ ಬಂದು ಹಾಕಿದವು. ಮೂವರೂ ಅದರ ಮೇಲೆ ನಿಂತು ತುಳಿದು ಗಟ್ಟಿ ಮಾಡಿದರು.

ಶರಣ ಬಂಧುಗಳೇ, ಮುಂದಿನ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಬನ್ನಿಗಿಡಕ್ಕೆ ಪೂಜೆ ಸಲ್ಲಿಸುವ ಮೊದಲು ನಿಮ್ಮ ಬದುವನ್ನೊಮ್ಮೆ ಸುತ್ತಿ ನೋಡಿರಿ. ತೆರೆದ ಬಾಯಿ ಕಂಡರೆ ಅಂದೇ ಮುಚ್ಚಿರಿ. ಅದು ನಿಮ್ಮದಲ್ಲದಿದ್ದರೆ ಒಡೆಯನಿಗೆ ಹೇಳಿರಿ, ಕೇಳದಿದ್ದರೆ ಪಂಚಾಯತಿಗೆ ತಿಳಿಸಿರಿ. ಹೊಲದಲ್ಲಿ ಓಡಾಡುವ ಮಕ್ಕಳೆಲ್ಲ ನಮ್ಮ ಮನೆಯ ಮಕ್ಕಳೇ.

ರಾತ್ರಿ ಸೊಸೆ ದೂರವಾಣಿ ಮಾಡಿ, "ಹುಡುಗ ಹ್ಯಾಂಗದಾನ್ರಿ ಮಾವನವರ?" ಎಂದು ಕೇಳಿದಳು. "ಜ್ವಾಕಿ ಅದಾನವ್ವಾ," ಎಂದೆವು. ನಾಲ್ಕು ದಿನಗಳಲ್ಲಿ ಆ ಮಾತನ್ನು ಧೈರ್ಯದಿಂದ ಹೇಳಿದ್ದು ಅಂದೇ ಮೊದಲು.